ಆಯಿಲ್ ಬಿಸಿಗೆ ಕೂಲೆಂಟಿನ ಕಡಿವಾಣ

2022ರ ಡಿಸೆಂಬರಿನ ಒಂದು ಬೆಳಿಗ್ಗೆ ಎಂಜಿನ್ನಿಗೆ ಆಯಿಲ್ ತುಂಬುವ ಮುಚ್ಚಳವನ್ನು ತಿರುಗಿಸಿ ತೆಗೆದಾಗ ಅದರ ಒಳಮೈಗೆ ಹಳೆಯ ಬೆಣ್ಣೆಯಂತಹ ನಸುಹಳದಿ ಲೇಪ ಅಂಟಿಕೊಂಡಿತ್ತು. ಎಂಜಿನ್ನಿನ ಮೇಲ್ಭಾಗದ ಸೀಲಾದ ಹೆಡ್ ಗ್ಯಾಸ್ಕೆಟ್ ಹೋಗಿ, ಎಂಜಿನ್ನನ್ನು ತಣಿಸುವ ನೀರು, ಅಂದರೆ ಕೂಲೆಂಟ್, ಆಯಿಲಿಗೆ ಸೇರುತ್ತಿದೆ ಎಂಬುದು ಯಾರಿಗಾದರೂ ಬರುವ ಮೊದಲ ಸಂಶಯ. ಆದರೆ ಕೂಲೆಂಟಿನ ಮಟ್ಟ ಒಂದು ಗೆರೆಯೂ ಇಳಿದಿರಲಿಲ್ಲ, ಸೈಲೆನ್ಸರಿನಲ್ಲಿ ಬಿಳಿ ಹೊಗೆಯೂ ಇರಲಿಲ್ಲ. ಎರಡು ದಿನ ಮೀಟರನ್ನು ಗಮನಿಸಿದ ಮೇಲೆ ಕಾರಣ ತಿಳಿಯಿತು. ಬೆಳಗಿನ ಹದಿನಾರು ಹದಿನೇಳು ಡಿಗ್ರಿ ಚಳಿಯಲ್ಲಿ ಮೈಸೂರಿನಿಂದ ಮಂಡ್ಯದವರೆಗಿನ ಸುಮಾರು 45 ಕಿಲೋಮೀಟರ್ ದಾರಿಯನ್ನು ಗಂಟೆಗೆ 80ರ ವೇಗದಲ್ಲಿ ಕ್ರಮಿಸಿದರೂ ನನ್ನ ಕಾರಿನ ಆಯಿಲ್ 75 ಡಿಗ್ರಿ ದಾಟುತ್ತಿರಲಿಲ್ಲ. ಎಂಜಿನ್ನಿನೊಳಗೆ ಹುಟ್ಟುವ ತೇವ ಆವಿಯಾಗಿ ಹೊರಹೋಗುವಷ್ಟು ಬಿಸಿ ಅದಕ್ಕೆ ಸಿಗುತ್ತಲೇ ಇರಲಿಲ್ಲ. ಅದಕ್ಕೆ ಕಾರಣ ನಾನೇ ಆರು ತಿಂಗಳ ಹಿಂದೆ ಬಂಪರಿನ ಹಿಂದೆ ಕೂರಿಸಿದ್ದ, ಗಾಳಿಯಿಂದ ತಣಿಯುವ ಆಯಿಲ್ ಕೂಲರ್.

ಕಾರು 2002ರ ಹೋಂಡಾ ಸಿಟಿ ವಿಟೆಕ್, 1.5 ಲೀಟರ್, 106 ಅಶ್ವಶಕ್ತಿ. ನಾಲ್ಕು ಬಾಗಿಲಿನ ಸೆಡಾನನ್ನು ಸ್ಪೋರ್ಟ್ಸ್ ಕಾರು ಎಂದು ಕರೆಯುವುದು ಸ್ವಲ್ಪ ಧಾರಾಳವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಆದರೂ 7000 ಆರ್‌ಪಿಎಂ ಹತ್ತಿರ ಅದು ಹಾಡುವುದನ್ನು ಕೇಳಿದವರು ನನ್ನನ್ನು ಕ್ಷಮಿಸಿಯಾರು. ವರ್ಷಕ್ಕೆ ಎರಡು ಮೂರು ಬಾರಿ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಕೊಯಮತ್ತೂರಿನ ರೇಸ್ ಟ್ರ್ಯಾಕಾದ ಕರಿ ಮೋಟರ್ ಸ್ಪೀಡ್‌ವೇಗೆ ಹೋಗುವುದು ನನ್ನ ರೂಢಿ. ಅಲ್ಲಿ, ಕೂಲರ್ ಇಲ್ಲದಿದ್ದ ಕಾಲದಲ್ಲಿ, ಆರು ಸುತ್ತು ಮುಗಿಯುವಷ್ಟರಲ್ಲಿ ಆಯಿಲ್ 136 ಡಿಗ್ರಿ ಮುಟ್ಟಿ, ಪ್ರೆಶರ್ ಮೀಟರಿನ ಮುಳ್ಳು ತಿರುವುಗಳಲ್ಲಿ ನಡುಗತೊಡಗಿತ್ತು. ಅದಕ್ಕೆ ಮದ್ದೆಂದು ಹಾಕಿದ ಕೂಲರ್ ವರ್ಷದ ನಾಲ್ಕಾರು ದಿನ ಉಪಕಾರ ಮಾಡಿ, ಉಳಿದ ದಿನಗಳಲ್ಲಿ ಆಯಿಲನ್ನು ಚಳಿಯಲ್ಲಿ ನಿಲ್ಲಿಸಿತ್ತು. ಅದರ ದಾರಿಯಲ್ಲಿ, ಬಿಸಿಯಾದ ಮೇಲಷ್ಟೇ ತೆರೆದುಕೊಳ್ಳುವ ಒಂದು ಥರ್ಮೋಸ್ಟಾಟ್ ಸೇರಿಸಿದ್ದರೆ ಸಾಕಾಗುತ್ತಿತ್ತು ಎನ್ನುವವರ ಮಾತು ತಪ್ಪಲ್ಲ. ಆದರೆ ಹಾಗೆ ಮಾಡಿದರೂ ಬೆಳಿಗ್ಗೆ ಆಯಿಲ್ ತನ್ನ ಪಾಡಿಗೆ ತಾನು ನಿಧಾನವಾಗಿಯೇ ಕಾಯಬೇಕು. ನನಗೆ ಬೇಕಾಗಿದ್ದುದು ಬೇಗ ಕಾಯಿಸಿ, ಆಮೇಲೆ ಹದ ಮೀರದಂತೆ ಹಿಡಿದಿಡುವ ಏರ್ಪಾಡು.

ಅದು ಎಂಜಿನ್ನಿನೊಳಗೇ ಇತ್ತು. ಕೂಲೆಂಟ್ ಐದಾರು ನಿಮಿಷಗಳಲ್ಲಿ 80 ಡಿಗ್ರಿಗೆ ಏರುತ್ತದೆ, ಆಮೇಲೆ ಥರ್ಮೋಸ್ಟಾಟ್ ಮತ್ತು ರೇಡಿಯೇಟರ್ ಎರಡೂ ಸೇರಿ ಅದನ್ನು 90ರ ಆಸುಪಾಸಿನಲ್ಲಿ ನಿಲ್ಲಿಸುತ್ತವೆ. ಆಯಿಲನ್ನೂ ಕೂಲೆಂಟನ್ನೂ ತೆಳುವಾದ ಲೋಹದ ತಗಡುಗಳ ಎರಡು ಬದಿಗೆ ಹರಿಯಬಿಟ್ಟರೆ, ಬೆಳಿಗ್ಗೆ ನೀರಿನಿಂದ ಆಯಿಲಿಗೆ, ಬಿರುಸಾಗಿ ಓಡಿಸುವಾಗ ಆಯಿಲಿನಿಂದ ನೀರಿಗೆ ಬಿಸಿ ತಾನಾಗಿಯೇ ದಾಟುತ್ತದೆ. ಇದೇನೂ ನನ್ನ ಆವಿಷ್ಕಾರವಲ್ಲ. ಹೋಂಡಾದ ಟೈಪ್ ಆರ್ ಬಿ-ಸರಣಿಯ ಎಂಜಿನ್‌ಗಳಲ್ಲಿ ಆಯಿಲ್ ಫಿಲ್ಟರಿನ ಬುಡದಲ್ಲೇ ಇಂತಹ ಕೂಲರ್ ಕಾರ್ಖಾನೆಯಿಂದಲೇ ಬರುತ್ತಿತ್ತು. 1998ರವರೆಗೂ ಗಾಳಿ ಮತ್ತು ಆಯಿಲಿನಿಂದಲೇ ತಣಿಯುತ್ತಿದ್ದ ಪೋರ್ಷೆ 911, ನೀರಿನ ಎಂಜಿನ್ನಿಗೆ ಬದಲಾದ ಮೇಲೆ ಇದೇ ದಾರಿಯನ್ನು ಹಿಡಿಯಿತು.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾನು ಯೋಚಿಸಿದ್ದು ನೀರನ್ನು ಎಲ್ಲಿಂದ ತೆಗೆದುಕೊಳ್ಳಬೇಕು ಎಂಬುದರ ಬಗ್ಗೆ, ಏಕೆಂದರೆ ಇಡೀ ಕೆಲಸದ ಸ್ವಭಾವವನ್ನು ನಿರ್ಧರಿಸುವುದು ಆ ಒಂದು ಆಯ್ಕೆ. ರೇಡಿಯೇಟರಿನ ಕೆಳಗಿನ ಹೋಸಿನಿಂದ ತೆಗೆದರೆ ತಣಿದ ನೀರು ಸಿಗುತ್ತದೆ, ಟ್ರ್ಯಾಕಿನಲ್ಲಿ ಆಯಿಲ್ ಹೆಚ್ಚು ತಣಿಯುತ್ತದೆ. ಆದರೆ ಬೆಳಿಗ್ಗೆ ಥರ್ಮೋಸ್ಟಾಟ್ ಮುಚ್ಚಿರುವಷ್ಟು ಹೊತ್ತು ಆ ಹೋಸಿನಲ್ಲಿರುವುದು ರಾತ್ರಿಯ ತಣ್ಣೀರೇ. ಸಿಲಿಂಡರ್ ಹೆಡ್ಡಿನಿಂದ ಹೊರಬರುವಲ್ಲಿ ತೆಗೆದರೆ ಮೊದಲ ನಿಮಿಷದಿಂದಲೇ ಕಾಯುತ್ತಿರುವ ನೀರು ಸಿಗುತ್ತದೆ. ಆದರೆ, ಆಯಿಲ್ 120 ಡಿಗ್ರಿ ಇರುವಾಗ ಅದನ್ನು ತಣಿಸಲು ಬರುವ ನೀರೂ 92 ಡಿಗ್ರಿ ಇರುತ್ತದೆ. ಅಂತರ ಕೇವಲ 28 ಡಿಗ್ರಿ. 35 ಡಿಗ್ರಿಯ ಗಾಳಿಯಾಗಿದ್ದರೆ 85 ಡಿಗ್ರಿ. ಆದರೂ ಬಿಸಿಯನ್ನು ಹೀರುವುದರಲ್ಲಿ ನೀರಿಗೂ ಗಾಳಿಗೂ ಹೋಲಿಕೆಯೇ ಇಲ್ಲದ ಕಾರಣ, ಅಂಗೈಯಗಲದ ಕೂಲರ್ ಸಾಕಾಗುತ್ತದೆ. ನಿಮಿಷಕ್ಕೆ 25 ಲೀಟರ್ ಆಯಿಲ್ ಹರಿದು 10 ಡಿಗ್ರಿ ತಣಿಯಬೇಕೆಂದರೆ ಸುಮಾರು ಏಳೂವರೆ ಕಿಲೋವಾಟ್ ಬಿಸಿ ನೀರಿಗೆ ದಾಟಬೇಕು. ನಿಮಿಷಕ್ಕೆ 15 ಲೀಟರ್ ಕೂಲೆಂಟ್ ಹರಿದರೆ ಅದು ಎಂಟು ಡಿಗ್ರಿಯಷ್ಟು ಬಿಸಿಯೇರಿ ಇಷ್ಟನ್ನೂ ಹೊತ್ತೊಯ್ಯುತ್ತದೆ. ವರ್ಷದ ಮುನ್ನೂರು ದಿನ ಊರಿನಲ್ಲೇ ಓಡುವ ಕಾರಾದ್ದರಿಂದ ನಾನು ಹೆಡ್ಡಿನ ನೀರನ್ನೇ ಆರಿಸಿಕೊಂಡೆ.

ಕೂಲರ್ ಸಿಕ್ಕಿದ್ದು ಗುಜರಿಯಲ್ಲಿ, ಒಂದು ಡೀಸೆಲ್ ಕಾರಿನದು, ಫಿಲ್ಟರಿನ ಕೆಳಗೆ ಕೂರುವ ಬಳೆಯಾಕಾರದ್ದು. ನೀರಿನ ಎರಡು ಬಾಯಿಗಳನ್ನು ತೆರೆದಿಟ್ಟು, ಆಯಿಲಿನ ಬದಿಗೆ ಆರು ಕೆಜಿ (ಚದರ ಸೆಂಟಿಮೀಟರಿಗೆ) ಒತ್ತಡದ ಗಾಳಿ ಹಿಡಿದು, ಪಂಕ್ಚರ್ ಅಂಗಡಿಯವರು ಟ್ಯೂಬನ್ನು ಮುಳುಗಿಸುವಂತೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿದಾಗ, ಮೊದಲನೆಯದರ ನೀರಿನ ಬಾಯಿಂದ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಅದನ್ನು ಅಲ್ಲಿಯೇ ಬಿಟ್ಟು ಎರಡನೆಯದನ್ನು ತಂದೆ. ಈ ಪರೀಕ್ಷೆಯನ್ನು ಯಾರೂ ತಪ್ಪಿಸಬಾರದು. ಎಂಜಿನ್ ಓಡುವಾಗ ಆಯಿಲಿನ ಒತ್ತಡ ನಾಲ್ಕೈದು ಕೆಜಿ, ಕೂಲೆಂಟಿನದು ಒಂದರ ಆಸುಪಾಸು, ಹಾಗಾಗಿ ಒಳಗೆ ಸೋರಿದರೆ ಆಯಿಲ್ ನೀರಿಗೆ ಹೋಗುತ್ತದೆ. ಎಂಜಿನ್ ಆರಿಸಿದ ಮೇಲೆ ಆಯಿಲಿನ ಒತ್ತಡ ಇಳಿದು ನೀರು ಮಾತ್ರ ಬಿಗಿಯಾಗಿ ನಿಂತಿರುವುದರಿಂದ ಅದೇ ತೂತಿನಲ್ಲಿ ನೀರು ಆಯಿಲಿಗೆ ಬರುತ್ತದೆ. ಬೇರಿಂಗುಗಳನ್ನು ತಿನ್ನುವುದು ಈ ಎರಡನೆಯದು.

ಫಿಲ್ಟರಿನ ಥ್ರೆಡ್ ಹೊಂದಲಿಲ್ಲ. ಹೋಂಡಾದ್ದು 20 ಮಿಲಿಮೀಟರ್ ವ್ಯಾಸ, ಥ್ರೆಡ್ಡಿನಿಂದ ಥ್ರೆಡ್ಡಿಗೆ ಒಂದೂವರೆ ಮಿಲಿಮೀಟರ್; ಕೂಲರಿನದು ಮುಕ್ಕಾಲು ಇಂಚು ವ್ಯಾಸ, ಇಂಚಿಗೆ 16 ಥ್ರೆಡ್. ಎರಡನ್ನೂ ಕೂಡಿಸುವ ಟೊಳ್ಳು ಸ್ಟಡ್ಡನ್ನು ಮಂಡ್ಯದಲ್ಲಿ, ಆಲೆಮನೆಗಳ ಗಾಣ ರಿಪೇರಿ ಮಾಡುವ ಒಂದು ಲೇತ್ ಅಂಗಡಿಯಲ್ಲಿ ಮಾಡಿಸಿದೆ. ಆಯಿಲಿನ ಹರಿವಿಗೆ ಅಡ್ಡಿಯಾಗದಿರಲೆಂದು ಒಳತೂತನ್ನು ದೊಡ್ಡದಾಗಿ ಕೊರೆಯಲು ಹೇಳಿದಾಗ ಅಲ್ಲಿನ ಹಿರಿಯರು, “ಸಾರ್, ಅಷ್ಟು ಕೊರೆದ್ರೆ ಗೋಡೆ ತೆಳ್ಳಗಾಯ್ತದೆ, ಬಿಗಿ ಮಾಡೋವಾಗ ಕಿತ್ಕೊಂಡ್ ಬತ್ತದೆ,” ಎಂದು ಎರಡು ಮಿಲಿಮೀಟರ್ ಕಡಿಮೆ ಮಾಡಿಕೊಟ್ಟರು. ಅವರು ಹೇಳಿದ್ದೇ ಸರಿ. ಕೂಲರಿನ ದಪ್ಪದಿಂದಾಗಿ ಫಿಲ್ಟರ್ ಮುಂದಕ್ಕೆ ಬಂದು ಆಕ್ಸಲ್ಲಿನ ಹತ್ತಿರಕ್ಕೆ ಹೋದದ್ದರಿಂದ ಗಿಡ್ಡ ಫಿಲ್ಟರ್ ಹಾಕಬೇಕಾಯಿತು.

ಇನ್ನು ನನ್ನ ದೊಡ್ಡ ತಪ್ಪು. ಹೆಡ್ಡಿನಿಂದ ಹೀಟರಿಗೆ ಹೋಗುವ ಹೋಸು ಕೈಗೆ ಸುಲಭವಾಗಿ ಸಿಗುತ್ತದೆಂದು ಅದನ್ನು ಕತ್ತರಿಸಿ, ಹೀಟರಿನ ವಾಲ್ವಿನ ಆಚೆ ಬದಿಯಲ್ಲಿ ಕೂಲರನ್ನು ಜೋಡಿಸಿದೆ. ಒಂದು ವಾರ ಓಡಿಸಿದರೂ ಆಯಿಲಿನ ಮೀಟರಿನಲ್ಲಿ ಎಳ್ಳಷ್ಟೂ ವ್ಯತ್ಯಾಸ ಕಾಣಲಿಲ್ಲ. ಕೂಲರ್ ಕಟ್ಟಿಕೊಂಡಿದೆಯೆಂದು ಬಿಚ್ಚಿದೆ, ಗಾಳಿ ಸಿಕ್ಕಿಕೊಂಡಿದೆಯೆಂದು ಕಾರಿನ ಮೂತಿಯನ್ನು ಎತ್ತಿ ನಿಲ್ಲಿಸಿ ಬ್ಲೀಡ್ ಬೋಲ್ಟಿನಿಂದ ಗಾಳಿ ತೆಗೆದೆ. ಕೊನೆಗೆ ಎಂಜಿನ್ ಬಿಸಿಯಿದ್ದಾಗ ಹೋಸನ್ನು ಮುಟ್ಟಿ ನೋಡಿದರೆ ವಾಲ್ವಿನ ಈಚೆಗೆ ಕೈ ಸುಡುತ್ತದೆ, ಆಚೆಗೆ ತಣ್ಣಗಿದೆ. ಮೈಸೂರಿನಲ್ಲಿ ಕಾರಿನ ಹೀಟರನ್ನು ಯಾರು ತಾನೆ ಹಾಕುತ್ತಾರೆ? ಗುಂಡಿ ಸದಾ ತಂಪಿನ ಕಡೆಗೇ ಇರುವುದರಿಂದ ವಾಲ್ವು ಮುಚ್ಚಿಯೇ ಇತ್ತು. ನನ್ನ ಕೂಲರಿಗೆ ಒಂದು ತೊಟ್ಟು ನೀರೂ ಹರಿದಿರಲಿಲ್ಲ. ಆಮೇಲೆ ವಾಲ್ವಿಗೆ ಮೊದಲೇ ಟಿ ಆಕಾರದ ಒಂದು ಕವಲು ಹಾಕಿ, ಕೂಲರಿನಿಂದ ಹೊರಬರುವ ನೀರನ್ನು ಎಂಜಿನ್ನಿನ ಹಿಂಬದಿಯಲ್ಲಿ ವಾಟರ್ ಪಂಪು ಹೀರುವ ಪೈಪಿಗೆ ಸೇರಿಸಿದೆ. ಹೀಟರ್ ಹಾಕಿರಲಿ ಬಿಡಲಿ, ಈಗ ನೀರು ಸದಾ ಹರಿಯುತ್ತದೆ.

ಫಲಿತಾಂಶವನ್ನು ಅಳೆದದ್ದು ಆಯಿಲ್ ಚೇಂಬರಿನ ಡ್ರೈನ್ ಬೋಲ್ಟಿನ ಜಾಗದಲ್ಲಿ ಹಾಕಿದ ಸೆನ್ಸರಿನಿಂದ. ಕೂಲರ್ ಯಾವುದೂ ಇಲ್ಲದಿದ್ದಾಗ ಬೆಳಿಗ್ಗೆ ಆಯಿಲ್ 80 ಡಿಗ್ರಿಗೆ ಬರಲು 18 ನಿಮಿಷ ಹಿಡಿಯುತ್ತಿತ್ತು, ಈಗ ಒಂಬತ್ತು. ಮಂಡ್ಯದ ದಾರಿಯಲ್ಲಿ 94ರಿಂದ 97ರ ನಡುವೆ ನಿಲ್ಲುತ್ತದೆ. ಕೊಯಮತ್ತೂರಿನಲ್ಲಿ ಅದೇ ಆರು ಸುತ್ತಿಗೆ 115. ಆದರೆ ಆ ದಿನ ಕೂಲೆಂಟು 91ರಿಂದ 101ಕ್ಕೆ ಏರಿತ್ತು. ಆಯಿಲಿನ ಬಿಸಿ ಎಲ್ಲಿಯೂ ಮಾಯವಾಗಿರಲಿಲ್ಲ, ಹೊರೆ ರೇಡಿಯೇಟರಿನ ಹೆಗಲಿಗೆ ಬಿದ್ದಿತ್ತು ಅಷ್ಟೆ. ಇಪ್ಪತ್ತು ವರ್ಷದ ಹಳೆಯ ರೇಡಿಯೇಟರಿನ ಬದಲಿಗೆ ಎರಡು ಸಾಲಿನ ಅಲ್ಯೂಮಿನಿಯಂ ರೇಡಿಯೇಟರ್ ಹಾಕಿ, ಬಂಪರಿನಿಂದ ಬರುವ ಗಾಳಿ ಪಕ್ಕಕ್ಕೆ ತಪ್ಪಿಸಿಕೊಳ್ಳದಂತೆ ತಗಡಿನಿಂದ ಮುಚ್ಚಿದ ಮೇಲೆ ಕೂಲೆಂಟು 95ರಲ್ಲೂ ಆಯಿಲ್ 109ರಲ್ಲೂ ನಿಂತಿತು. ಹೊಸ ರೇಡಿಯೇಟರಿನ ಖರ್ಚು ಉಳಿದೆಲ್ಲದರ ಮೂರು ಪಟ್ಟು. ರೇಡಿಯೇಟರ್ ದುರ್ಬಲವಾಗಿರುವ ಕಾರಿಗೆ ಮೊದಲು ಇದನ್ನು ಮಾಡಿಸಿ ಆಮೇಲೆ ಕೂಲರಿಗೆ ಕೈ ಹಾಕುವುದು ಒಳ್ಳೆಯದು. ದಿನವಿಡೀ ಟ್ರ್ಯಾಕಿನಲ್ಲೇ ಓಡುವ ಕಾರಾದರೆ ಥರ್ಮೋಸ್ಟಾಟ್ ಇರುವ ಗಾಳಿಯ ಕೂಲರೇ ಮೇಲು ಎಂದು ಈಗಲೂ ಹೇಳುತ್ತೇನೆ.

ನೀರಿನ ವಿಷಯದಲ್ಲಿ ಜಿಪುಣತನ ಸಲ್ಲದು. ನಮ್ಮ ಕಡೆಯ ಬೋರ್‌ವೆಲ್ ನೀರು ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಪದರವನ್ನು ನೋಡಿದವರಿಗೆ, ಕೂಲರಿನ ಸಣ್ಣ ಸಂದುಗಳಲ್ಲಿ ಅದು ಏನು ಮಾಡೀತು ಎಂದು ವಿವರಿಸಬೇಕಿಲ್ಲ. ಡಿಸ್ಟಿಲ್ಡ್ ನೀರಿಗೆ ಸಮಪಾಲು ಗ್ಲೈಕಾಲ್ ಕೂಲೆಂಟ್ ಬೆರೆಸಿ ಹಾಕಿದ್ದೇನೆ. ರೇಡಿಯೇಟರ್ ಮುಚ್ಚಳದ ರಬ್ಬರನ್ನೂ ಬದಲಿಸಿದೆ. ಸುಮಾರು 770 ಮೀಟರ್ ಎತ್ತರದ ಮೈಸೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿ ದಾಟುತ್ತಿದ್ದಂತೆಯೇ ಕುದಿಯುತ್ತದೆ, ಮುಚ್ಚಳ 1.1 ಬಾರ್ ಒತ್ತಡವನ್ನು ಹಿಡಿದರೆ ಮಾತ್ರ ಅದು 120ರವರೆಗೆ ಕುದಿಯದೆ ನಿಲ್ಲುತ್ತದೆ.

ಹದಿನಾಲ್ಕು ತಿಂಗಳ ಮೇಲೆ, ಎರಡನೇ ಸಲ ಆಯಿಲ್ ಬದಲಿಸುವಾಗ, ಕೂಲೆಂಟಿನ ರಿಸರ್ವ್ ಟ್ಯಾಂಕಿನ ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿದೆ. ಹಸಿರು ಬಣ್ಣ ಮಾತ್ರ ಅಂಟಿತು, ಕಂದು ಜಿಡ್ಡು ಇರಲಿಲ್ಲ. ಆಯಿಲ್ ಮುಚ್ಚಳದ ಒಳಮೈಯೂ ಒಣಗಿತ್ತು.