ರೊಟ್ಟಿ ಬಡಿಯುವ ಮನೆಯ ಗ್ಯಾಸ್ ಒಲೆ

"ಭಾಂಡಿ ಕರ್ರಗ ಆಗಾಕತ್ತಾವ್ರಿ, ಸಿಲಿಂಡರ್ ಮುಗ್ಯಾಕ ಬಂದಿರಬೇಕ ನೋಡ್ರಿ" ಎನ್ನುತ್ತಲೇ ಹುಬ್ಬಳ್ಳಿ-ಧಾರವಾಡದಲ್ಲಿ ಹೆಚ್ಚಿನವರು ಒಲೆಯನ್ನು ರಿಪೇರಿಗೆ ಕೊಡುತ್ತಾರೆ. ಬರ್ನರ್ ಎತ್ತಿ, ತಲೆಕೆಳಗು ಮಾಡಿ ಕುಟ್ಟಿದರೆ ಉದುರುವುದು ಸುಟ್ಟು ಕಂದಿದ ಜೋಳದ ಹಿಟ್ಟು. ಸಂಕ್ರಾಂತಿ ಆದಮೇಲೆ ಬಂದ ಒಲೆಯಾದರೆ ಭೋಗಿಯ ಸಜ್ಜೆ ರೊಟ್ಟಿಯ ಎಳ್ಳೂ ಇರುತ್ತದೆ. ತೂತಿಗೊಂದರಂತೆ ಬೆಣೆ ಹೊಡೆದ ಹಾಗೆ ಕೂತಿರುತ್ತದೆ, ಕುಟ್ಟಿದರೂ ಬರುವುದಿಲ್ಲ.

ನಾಬ್‌ನ ಹಿಂದೆ ಜೆಟ್ ಎಂಬ ಪುಟ್ಟ ಹಿತ್ತಾಳೆ ತುಂಡಿದೆ. ಅದರ ತೂತು ಒಂದು ಮಿಲಿಮೀಟರಿಗಿಂತ ಸಣ್ಣದು. ಗ್ಯಾಸು ಅಲ್ಲಿಂದ ಚಿಮ್ಮಿ ಬರ್ನರ್ ಕೆಳಗಿನ ನಳಿಗೆಗೆ ನುಗ್ಗುವಾಗ ಸುತ್ತಲಿನ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಎರಡೂ ಸರಿಯಾಗಿ ಬೆರೆತರೆ ಉರಿ ನೀಲಿ. ನಳಿಗೆಯಲ್ಲಿ ಹಿಟ್ಟು ಕೂತು ಗಾಳಿ ಸಾಲದಾದರೆ ಉರಿ ಹಳದಿಯಾಗಿ ಉದ್ದಕ್ಕೆ ನಾಲಗೆ ಚಾಚುತ್ತದೆ, ಹಂಚಿಗೆ ಮಸಿ ಹಿಡಿಯುತ್ತದೆ. ಮಸಿ ಕಣ್ಣಿಗೆ ಕಾಣುತ್ತದೆ. ಅದರ ಜೊತೆಗೇ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗಾಳಿಗೆ ಉರಿ ಆರುತ್ತದೆಂದು ಕಿಟಕಿ ಮುಚ್ಚಿ ತಾಸುಗಟ್ಟಲೆ ಖಡಕ್ ರೊಟ್ಟಿ ಮಾಡುವವರಿಗೆ ತಲೆನೋವು, ವಾಕರಿಕೆ ಬಂದರೆ ಬರೀ ಧಗೆಯೆಂದು ಬಿಡಬಾರದು. ಉರಿಯನ್ನೂ ನೋಡಬೇಕು. ಹಿಟ್ಟು ಬಿದ್ದ ಗಳಿಗೆಗೆ ಕಿತ್ತಳೆ ಬಣ್ಣದ ಕಿಡಿ ಎದ್ದು ಆರಿದರೆ ಅದು ದೋಷವಲ್ಲ. ಹಿಟ್ಟು ಬೀಳದಾಗಲೂ ಹಳದಿ ಇದ್ದರೆ ಬರ್ನರ್ ಬಿಚ್ಚುವ ಹೊತ್ತು ಬಂದಿದೆ ಎಂದರ್ಥ.

ಬಿಚ್ಚುವ ಮೊದಲು ರೆಗ್ಯುಲೇಟರ್ ಬಂದ್ ಮಾಡಿ, ಒಲೆ ಪೂರ್ತಿ ತಣ್ಣಗಾಗಲು ಬಿಡುತ್ತೇನೆ. ಹಿತ್ತಾಳೆ ಬರ್ನರನ್ನು ಹುಣಸೆಹಣ್ಣು, ಉಪ್ಪು ಹಾಕಿದ ಬಿಸಿನೀರಿನಲ್ಲಿ ಅರ್ಧ ತಾಸು ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಸಾಕು. ತೂತಿನಲ್ಲಿ ಕೂತದ್ದನ್ನು ಕಸಬರಿಗೆ ಕಡ್ಡಿಯಿಂದ ಒಳಗಿನಿಂದ ಹೊರಕ್ಕೆ ತಳ್ಳಬೇಕು. ಹೊರಗಿನಿಂದ ಚುಚ್ಚಿದರೆ ಎಲ್ಲ ಮತ್ತೆ ನಳಿಗೆಗೇ ಬೀಳುತ್ತದೆ. ಅಲ್ಯೂಮಿನಿಯಂ ನಳಿಗೆಯನ್ನು ವಾಷಿಂಗ್ ಸೋಡಾದಲ್ಲಿ ಮುಳುಗಿಸಬೇಡಿ, ಸೋಡಾ ಆ ಲೋಹವನ್ನು ತಿನ್ನುತ್ತದೆ. ಅದಕ್ಕೆ ಒಣ ಬ್ರಷ್ಷು ಸಾಕು. ಜೆಟ್ಟಿಗೆ ಹೊಲಿಗೆ ಸೂಜಿ ಹಾಕುವವರಿದ್ದಾರೆ. ಸೂಜಿ ಹಿತ್ತಾಳೆಗಿಂತ ಗಟ್ಟಿ, ತೂತು ಕೂದಲೆಳೆಯಷ್ಟು ದೊಡ್ಡದಾದರೂ ಗ್ಯಾಸು ಹೆಚ್ಚಾಗಿ ಉರಿ ಮತ್ತೆ ಹಳದಿಗೇ ತಿರುಗುತ್ತದೆ. ನಾನು ಕರೆಂಟಿನ ವಾಯರಿನೊಳಗಿನ ಒಂದೇ ಒಂದು ತಾಮ್ರದ ಎಳೆ ಬಳಸುತ್ತೇನೆ. ತೊಳೆದ ಬರ್ನರನ್ನು ಬೋರಲು ಹಾಕಿ ಬಿಸಿಲಲ್ಲಿ ಒಣಗಿಸಿಯೇ ಕೂಡಿಸಬೇಕು.

ಕೂಡಿಸುವುದರಲ್ಲಿ ಅವಸರ ಬೇಡ. ಬರ್ನರ್ ಓರೆಯಾಗಿ ಕೂತರೆ ಉರಿ ಮೇಲೆ ಹತ್ತುವ ಬದಲು ಒಳಗೆ ಜಾರಿ ಜೆಟ್ಟಿನ ಬಾಯಲ್ಲೇ ಹೊತ್ತಿಕೊಳ್ಳಬಹುದು. ಮೇಲೆ ಉರಿ ಕಾಣದೆ ಕೆಳಗೆ ಭುರ್ರೆಂಬ ಸದ್ದು ಬಂದರೆ ಅದೇ. ಕೂಡಲೇ ನಾಬ್ ಬಂದ್ ಮಾಡಿ, ಆರಲು ಬಿಟ್ಟು, ಬರ್ನರನ್ನು ಸರಿಯಾಗಿ ಕೂಡಿಸಿ ಆಮೇಲೆ ಹಚ್ಚಬೇಕು. ಹಾಗೇ ಬಿಟ್ಟರೆ ನಾಬ್, ಪೈಪು ಎಲ್ಲ ಕಾಯುತ್ತವೆ.

ದೊಡ್ಡ ಹಂಚಿನದು ಇನ್ನೊಂದು ತಕರಾರು. ನಾಬ್‌ಗಳ ಮೇಲೆ ಚಾಚುವಷ್ಟು ಅಗಲದ ಕಬ್ಬಿಣದ ಹಂಚು ಇಟ್ಟರೆ ಕಾವೆಲ್ಲ ಕೆಳಗೆ ತಿರುಗುತ್ತದೆ. ನಾಬ್ ಕರಗುತ್ತದೆ, ಒಳಗಿನ ಗ್ರೀಸು ಒಣಗಿ ಅದು ಗಟ್ಟಿಯಾಗುತ್ತದೆ, ಕೊನೆಗೆ ಅಲ್ಲಿಂದಲೇ ಗ್ಯಾಸು ಸೋರಲು ಶುರು. ಗಾಜಿನ ಒಲೆಯಲ್ಲಿ ಗಾಜೂ ಕಾಯುತ್ತದೆ. ಅದರ ಮೇಲೆ ರೊಟ್ಟಿಗೆ ನೀರು ಹಚ್ಚುವ ಹಸಿ ಅರಿವೆ ಇಟ್ಟರೆ ಒಡೆದು ಚೂರಾಗಬಹುದು. ದಿನಾ ರೊಟ್ಟಿ ಮಾಡುವ ಮನೆಗೆ ಸ್ಟೀಲಿನ ಒಲೆಯೇ ಸರಿ, ಗಾಜಿನದು ನೋಡಲಿಕ್ಕೆ ಚೆಂದ ಅಷ್ಟೇ.

ಗದಗ, ಹಾವೇರಿ ಕಡೆಯ ಹಳ್ಳಿಗಳಲ್ಲಿ ಕೂತು ರೊಟ್ಟಿ ಬಡಿಯುವ ರೂಢಿಗೆ ಒಲೆಯನ್ನೂ ನೆಲದ ಮೇಲೆ ಇಡುತ್ತಾರೆ. ಆಗ ಸಿಲಿಂಡರಿನ ಬಾಯಿ ಉರಿಗಿಂತ ಎತ್ತರವಾಗುತ್ತದೆ. ಅಡುಗೆ ಗ್ಯಾಸು ಗಾಳಿಗಿಂತ ಒಂದೂವರೆ-ಎರಡು ಪಟ್ಟು ಭಾರ. ಸೋರಿದರೆ ಕೆಳಗಿಳಿದು ನೆಲ ಹಿಡಿದು ಹರಿಯುತ್ತದೆ, ನೇರ ಉರಿಯತ್ತಲೇ. ಸಿಲಿಂಡರ್ ನೆಟ್ಟಗೆ ನೆಲದ ಮೇಲಿರಬೇಕು, ಒಲೆ ಅದರ ತಲೆಗಿಂತ ಮೇಲೆ ಕಟ್ಟೆಯಲ್ಲಿರಬೇಕು. ಇಬ್ಬರಿದ್ದರೆ ಒಬ್ಬರು ಕೂತು ಬಡಿಯಲಿ, ಇನ್ನೊಬ್ಬರು ನಿಂತು ಬೇಯಿಸಲಿ.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ದೇವರ ಜಗಲಿಯೂ ಅಡುಗೆಮನೆಯಲ್ಲೇ ಇರುತ್ತದೆ. ದೀಪ ಉರಿಯುತ್ತಿರುವ ಕೋಣೆಯಲ್ಲಿ ಸಿಲಿಂಡರ್ ಬದಲಿಸಬಾರದು. ಗ್ಯಾಸಿನ ವಾಸನೆ ಬಂದರೆ ನಾಬ್, ರೆಗ್ಯುಲೇಟರ್ ಎರಡೂ ಬಂದ್. ದೀಪ, ಊದುಬತ್ತಿ ಆರಿಸಿ, ಬಾಗಿಲು ಕಿಟಕಿ ತೆರೆಯಿರಿ. ಲೈಟು, ಎಕ್ಸಾಸ್ಟ್ ಫ್ಯಾನು, ಯಾವ ಸ್ವಿಚ್ಚನ್ನೂ ಹಾಕಲೂ ಬೇಡಿ, ತೆಗೆಯಲೂ ಬೇಡಿ. ಕಿಡಿ ಎರಡರಲ್ಲೂ ಹಾರುತ್ತದೆ. ರೆಗ್ಯುಲೇಟರ್ ತೆಗೆದು ಸಿಲಿಂಡರಿಗೆ ಮುಚ್ಚಳ ಹಾಕಿ, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ. ಹಾಲು ಉಕ್ಕಿ ಉರಿ ಆರಿದಾಗಲೂ ಕೂಡಲೇ ಲೈಟರ್ ಒತ್ತಬೇಡಿ, ನಾಬ್ ಬಂದ್ ಮಾಡಿ ಗಾಳಿಯಾಡಲು ಬಿಡಿ.

ಸೋರಿಕೆ ಹುಡುಕಲು ಕಡ್ಡಿ ಗೀರಬಾರದು ಎಂದು ಎಲ್ಲರಿಗೂ ಗೊತ್ತು, ಆದರೂ ಗೀರುತ್ತಾರೆ. ಸಾಬೂನಿನ ನೊರೆಯನ್ನು ರೆಗ್ಯುಲೇಟರ್ ಸುತ್ತ, ಪೈಪಿನ ಎರಡೂ ತುದಿಗೆ, ನಾಬ್ ಕಿತ್ತು ಅದರ ಕಡ್ಡಿಯ ಬುಡಕ್ಕೆ ಹಚ್ಚಿದರೆ ಗುಳ್ಳೆ ತಾನೇ ತೋರಿಸುತ್ತದೆ. ಪೈಪು ಒಳಗೆ ತಂತಿ ಇರುವ ಕಿತ್ತಳೆ ಬಣ್ಣದ ಸುರಕ್ಷಾ ಪೈಪೇ ಇರಲಿ. ಜೋಳದ ಚೀಲ ಇರುವ ಮನೆಯಲ್ಲಿ ಇಲಿ ಕಚ್ಚಿದರೂ ಆ ತಂತಿ ತಡೆಯುತ್ತದೆ. ಉದ್ದ ಒಂದೂವರೆ ಮೀಟರ್ ಮೀರಬಾರದು, ಐದು ವರ್ಷಕ್ಕೆ ಬದಲಿಸಬೇಕು. ಬಟ್ಟೆ ಸುತ್ತಿ ಮುಚ್ಚಿದರೆ ಬಿರುಕು ಕಾಣುವುದಿಲ್ಲ.

ಹೊಸ ಸಿಲಿಂಡರ್ ಬಂದಾಗ ಮುಚ್ಚಳ ತೆಗೆಸಿ, ಬಾಯಿಗೆ ನಾಲ್ಕು ಹನಿ ನೀರು ಬಿಡಿ. ಗುಳ್ಳೆ ಬಂದರೆ ಒಳಗಿನ ಕರಿ ರಬ್ಬರ್ ವಾಶರೋ ವಾಲ್ವೋ ಕೆಟ್ಟಿದೆ, ತಂದವರ ಕೈಯಲ್ಲೇ ವಾಪಸ್ ಕೊಡಿ. ಕೊರಳ ಪಟ್ಟಿಯ ಮೇಲೆ ಸಿ-27 ಎಂದಿದ್ದರೆ ಅದರ ಪರೀಕ್ಷೆಯ ಗಡುವು 2027ರ ಸೆಪ್ಟೆಂಬರ್‌ಗೆ ಮುಗಿಯುತ್ತದೆ ಎಂದು. ಎ ಮಾರ್ಚ್, ಬಿ ಜೂನ್, ಡಿ ಡಿಸೆಂಬರ್.

ಅವಳಿ ನಗರದಲ್ಲಿ ಪೈಪ್ ಗ್ಯಾಸ್ ಹಾಕಿಸಿಕೊಂಡವರು ಒಂದು ಗಮನಿಸಬೇಕು. ಆ ಗ್ಯಾಸು ಗಾಳಿಗಿಂತ ಹಗುರ, ಸೋರಿದರೆ ಮೇಲೇರುತ್ತದೆ, ಹಾಗಾಗಿ ಮೇಲಿನ ಗವಾಕ್ಷಿ ತೆರೆದಿರಬೇಕು. ಅದಕ್ಕೆ ಜೆಟ್ಟಿನ ತೂತು ದೊಡ್ಡದು ಬೇಕು. ಸಿಲಿಂಡರಿನ ಒಲೆಯನ್ನು ಹಾಗೇ ಜೋಡಿಸಿದರೆ ಉರಿ ಬಡಕಲು. ಪೈಪಿಗೆ ಜೆಟ್ ಬದಲಿಸಿದ ಒಲೆಯನ್ನು ಊರಿಗೆ ಒಯ್ದು ಸಿಲಿಂಡರಿಗೆ ಹಾಕಿದರೆ ಉರಿ ಹಂಚನ್ನು ದಾಟಿ ಮೇಲೇಳುತ್ತದೆ. ಒಲೆ ಯಾರಿಗಾದರೂ ಕೊಡುವ ಮೊದಲು ಯಾವ ಜೆಟ್ ಇದೆ ಎಂದು ಹಿಂಬದಿಗೆ ಒಂದು ಚೀಟಿ ಅಂಟಿಸಿ ಕೊಡಿ.