ರಿಟರ್ನ್ ಕೋರುವಾಗ ಕಾರಣವನ್ನು ಸರಿಯಾಗಿ ಬರೆಯಿರಿ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಸೊಸೈಟಿಯ ಗೇಟಿನಲ್ಲಿ ಪಾರ್ಸೆಲ್ ಇಲ್ಲದ ದಿನವಿಲ್ಲ. ಬೆಳಗಿನ ಲೋಕಲ್ ಹಿಡಿದು ಫೋರ್ಟಿಗೋ ಅಂಧೇರಿಗೋ ಹೋದವರ ಪೆಟ್ಟಿಗೆಗಳನ್ನು ವಾಚ್‌ಮನ್ ತೆಗೆದಿರಿಸುತ್ತಾನೆ. ರಾತ್ರಿ ಮರಳಿದವರಿಗೆ ಅವನ್ನು ಬಿಚ್ಚುವ ಪುರಸೊತ್ತು ಸಿಗುವುದು ಎಷ್ಟೋ ಸಲ ಭಾನುವಾರವೇ. ಹಾಗೆ ತಡವಾಗಿ ಬಿಚ್ಚಿದ ಒಂದು ಪೆಟ್ಟಿಗೆಯಲ್ಲಿ, ಹತ್ತಿಯ ಇಳಕಲ್ ಸೀರೆಯೆಂದು ನಾನು ತರಿಸಿದ್ದರ ಬದಲು ಪಾಲಿಯೆಸ್ಟರ್ ಸೀರೆಯಿತ್ತು. ರಿಟರ್ನ್ ಗುಂಡಿ ಒತ್ತಿದಾಗ ಕಾರಣಗಳ ಪಟ್ಟಿಯಲ್ಲಿ ಮೊದಲು ಕಂಡದ್ದು ‘ಮನಸ್ಸು ಬದಲಾಯಿತು’ ಎಂಬುದು. ಅವಸರದಲ್ಲಿ ಅದನ್ನೇ ಆರಿಸಿದೆ. ಈ ಕಾರಣಕ್ಕೆ ಸೀರೆಯನ್ನು ಹಿಂಪಡೆಯಲಾಗದು ಎಂಬ ಉತ್ತರ ಮರುದಿನವೇ ಬಂತು, ಮತ್ತು ಆ ಉತ್ತರದಲ್ಲಿ ಕಾನೂನಿನ ಪ್ರಕಾರ ತಪ್ಪೇನೂ ಇರಲಿಲ್ಲ.

ಕೊಂಡ ವಸ್ತು ಮನಸ್ಸಿಗೆ ಬಾರದಿದ್ದರೆ ಹಿಂದಿರುಗಿಸಿಯೇ ತೀರುವ ಸಾಮಾನ್ಯ ಹಕ್ಕು ನಮ್ಮ ದೇಶದ ಗ್ರಾಹಕ ಕಾನೂನಿನಲ್ಲಿ ಇಲ್ಲ. ಏಳು ದಿನ, ಹತ್ತು ದಿನ ಎಂದು ಜಾಲತಾಣಗಳು ಕೊಡುವ ಅವಧಿ ಅವರವರ ವ್ಯಾಪಾರದ ಷರತ್ತು. ಅದನ್ನು ಕೊಳ್ಳುವ ಮೊದಲೇ ಓದಿಕೊಳ್ಳಬೇಕು. ಆದರೆ ವಸ್ತು ದೋಷಯುಕ್ತವಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಅದಕ್ಕೆ ಇಲ್ಲದಿದ್ದರೆ, ಅಥವಾ ಹೇಳಿದ ದಿನ ಕಳೆದ ಮೇಲೆ ಕೈಸೇರಿದರೆ, ಮಾರಾಟಗಾರನು ಅದನ್ನು ಹಿಂಪಡೆಯಲು ಅಥವಾ ಹಣ ಮರಳಿಸಲು ನಿರಾಕರಿಸುವಂತಿಲ್ಲವೆಂದು 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು ಹೇಳುತ್ತವೆ. ಪ್ರವಾಹದಂತಹ ಕೈಮೀರಿದ ಕಾರಣದಿಂದ ತಡವಾದರೆ ಮಾತ್ರ ವಿನಾಯಿತಿಯುಂಟು. ಜುಲೈ ತಿಂಗಳಲ್ಲಿ ಹಳಿಗಳು ಮುಳುಗುವ ನಮ್ಮ ಊರಿನಲ್ಲಿ ಇದನ್ನು ನೆನಪಿಟ್ಟುಕೊಳ್ಳುವುದು ನ್ಯಾಯವೇ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಬಿಲ್ಲಿನಲ್ಲಿ ಅವಧಿಯೇ ಇಲ್ಲದಿದ್ದರೆ 30 ದಿನದೊಳಗೆ, ಹಿಂಪಡೆದು ಹಣ ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಅನುಚಿತ ವ್ಯಾಪಾರ ಪದ್ಧತಿಯೆಂದೇ ಪರಿಗಣಿಸುತ್ತದೆ.

ಹೀಗಿರುವುದರಿಂದ ನಾವು ಆರಿಸುವ ಕಾರಣಕ್ಕೆ ಇಡೀ ವ್ಯವಹಾರವನ್ನು ತಿರುಗಿಸುವಷ್ಟು ತೂಕವಿದೆ. ‘ಇಷ್ಟವಾಗಲಿಲ್ಲ’ ಎಂದರೆ ನಾವು ಅವರ ಷರತ್ತಿನ ಅಂಗಳದಲ್ಲಿ ನಿಂತಿರುತ್ತೇವೆ. ‘ವಿವರಣೆಯಲ್ಲಿ ಹತ್ತಿ ಎಂದಿತ್ತು, ಬಂದದ್ದು ಪಾಲಿಯೆಸ್ಟರ್’ ಎಂದರೆ ಕಾನೂನಿನ ಅಂಗಳದಲ್ಲಿ. ಪಟ್ಟಿಯಲ್ಲಿ ಸರಿಹೊಂದುವ ಕಾರಣ ಕಾಣದಿದ್ದರೆ ‘ಇತರೆ’ ಎಂಬುದನ್ನು ಆರಿಸಿ, ಕೊರತೆಯನ್ನು ನಿಮ್ಮದೇ ಮಾತಿನಲ್ಲಿ, ಕೋಪ ಬೆರೆಸದೆ ಎರಡು ವಾಕ್ಯದಲ್ಲಿ ಬರೆಯಿರಿ. ಮಾರಾಟದ ಪುಟದ ಸ್ಕ್ರೀನ್‌ಶಾಟನ್ನು ಆರ್ಡರ್ ಮಾಡಿದ ದಿನವೇ ತೆಗೆದಿಡುವುದು ಒಳ್ಳೆಯದು, ಏಕೆಂದರೆ ದೂರು ಹೋದ ಬಳಿಕ ಆ ಪುಟದ ವಿವರಣೆ ಬದಲಾಗುವುದುಂಟು. ಪೆಟ್ಟಿಗೆಯನ್ನು ಒಡೆಯುವಾಗ ವಿಳಾಸದ ಚೀಟಿಯಿಂದ ಆರಂಭಿಸಿ ಒಂದೇ ಓಟದಲ್ಲಿ ವಿಡಿಯೊ ಮಾಡಿಕೊಳ್ಳಬೇಕು. ತೆರೆದು ತೋರಿಸುವ ಡೆಲಿವರಿಯಾಗಿದ್ದರೆ ವಸ್ತುವನ್ನು ನೋಡುವ ಮೊದಲು ಓಟಿಪಿ ಹೇಳಬಾರದು. ವಾಚ್‌ಮನ್‌ಗೆ ಓಟಿಪಿ ಕೊಟ್ಟು ಕೆಲಸಕ್ಕೆ ಹೋಗುವ ನಮ್ಮ ರೂಢಿ ಇಲ್ಲಿ ಕೈಕೊಡುತ್ತದೆ.

ಆರ್ಡರನ್ನು ರದ್ದು ಮಾಡುವಾಗಿನ ನಿಯಮ ಇನ್ನೂ ಸರಳವಾಗಿದೆ. ಕಂಪನಿಯು ತಾನೇ ಆರ್ಡರ್ ರದ್ದು ಮಾಡಿದಾಗ ಅಂಥದೇ ಶುಲ್ಕವನ್ನು ತಾನು ಭರಿಸದಿದ್ದರೆ, ಗ್ರಾಹಕನಿಂದ ರದ್ದತಿ ಶುಲ್ಕವನ್ನು ವಸೂಲಿ ಮಾಡುವಂತಿಲ್ಲ. ನಿಮ್ಮ ಒಪ್ಪಿಗೆಯನ್ನು ಮೊದಲೇ ಟಿಕ್ ಹಾಕಿದ ಚೌಕಟ್ಟಿನಿಂದ ಪಡೆಯುವುದಕ್ಕೂ ನಿರ್ಬಂಧವಿದೆ. ನಿಮಗೆ ತಿಳಿಯದಂತೆ ಬುಟ್ಟಿಗೆ ವಿಮೆಯನ್ನೋ ದೇಣಿಗೆಯನ್ನೋ ಸೇರಿಸುವುದು, ಚಂದಾ ರದ್ದು ಮಾಡುವ ದಾರಿಯನ್ನು ಮರೆಮಾಚುವುದು ಮುಂತಾದ 13 ಬಗೆಯ ಕಣ್ಕಟ್ಟುಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ನವೆಂಬರ್ ತಿಂಗಳ ಮಾರ್ಗಸೂಚಿ ಹೆಸರಿಸಿ ನಿಷೇಧಿಸಿದೆ.

ರಿಟರ್ನ್ ಕೋರಿಕೆ ತಿರಸ್ಕೃತವಾದರೆ ಚಾಟ್‌ನಲ್ಲಿ ವಾದ ಬೆಳೆಸಿ ಪ್ರಯೋಜನವಿಲ್ಲ. ಪ್ರತಿಯೊಂದು ಇ-ಕಾಮರ್ಸ್ ಸಂಸ್ಥೆಯೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಆತನ ಹೆಸರು ಮತ್ತು ಸಂಪರ್ಕವನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸಿರಬೇಕು. ಆ ಅಧಿಕಾರಿ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕು. ಈ ಹೆಸರು ಸಾಮಾನ್ಯವಾಗಿ ಪುಟದ ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿ ಇರುತ್ತದೆ. ‘ನಾವು ಬರಿಯ ವೇದಿಕೆ, ಮಾರಿದವರು ಬೇರೆ’ ಎಂಬ ಉತ್ತರ ಬಂದರೆ ಮಾರಾಟಗಾರನ ಹೆಸರು, ವಿಳಾಸ, ಗ್ರಾಹಕ ಸೇವೆಯ ಸಂಖ್ಯೆಗಳನ್ನು ಕೇಳಿ ಪಡೆಯಿರಿ. ಅವನ್ನು ಒದಗಿಸುವುದು ಮತ್ತು ಪ್ರತಿ ದೂರಿಗೂ ಟಿಕೆಟ್ ಸಂಖ್ಯೆ ಕೊಡುವುದು ವೇದಿಕೆಯ ಹೊಣೆ. ನನ್ನ ಸೀರೆಯ ವಿಷಯದಲ್ಲಿ, ಮೊದಲು ಆರಿಸಿದ ಕಾರಣ ತಪ್ಪಾಗಿತ್ತೆಂದು ಒಪ್ಪಿಕೊಂಡು, ಸ್ಕ್ರೀನ್‌ಶಾಟ್ ಮತ್ತು ಬಟ್ಟೆಯ ಚೀಟಿಯ ಚಿತ್ರವನ್ನು ಈ ಅಧಿಕಾರಿಗೆ ಕಳುಹಿಸಿದ ಮೇಲೆಯೇ ಮಾತು ಮುಂದುವರಿಯಿತು. ಹಣದ ಬದಲು ಕೂಪನ್ ಕೊಡುವೆವೆಂದರು. ಕಾಯ್ದೆ ಹೇಳುವುದು ಕೊಟ್ಟ ಹಣವನ್ನು ಮರಳಿಸಬೇಕೆಂದು, ಆದ್ದರಿಂದ ನಾನು ಒಪ್ಪಲಿಲ್ಲ.

ಅಲ್ಲಿಯೂ ಕೆಲಸವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲಿಯೇ ದೂರು ಹೇಳಿಕೊಳ್ಳಲು ಅವಕಾಶವಿದೆ, ಮರಾಠಿಯಲ್ಲಿ ತಡವರಿಸುವ ನಮ್ಮ ಮನೆಯ ಹಿರಿಯರಿಗೆ ಇದು ದೊಡ್ಡ ಅನುಕೂಲ. ಸಹಾಯವಾಣಿಯು ಕಂಪನಿಯೊಡನೆ ಮಾತನಾಡಬಲ್ಲದು, ಆದೇಶ ಹೊರಡಿಸಲಾರದು. ಆದೇಶ ಬೇಕಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು. ಕಂಪನಿಯ ಕಚೇರಿ ಗುರುಗ್ರಾಮದಲ್ಲಿರಲಿ ಬೆಂಗಳೂರಿನಲ್ಲಿರಲಿ, ದೂರುದಾರನು ವಾಸಿಸುವ ಅಥವಾ ದುಡಿಯುವ ಸ್ಥಳದ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು; ಡೊಂಬಿವಲಿಯಲ್ಲಿದ್ದು ಫೋರ್ಟಿನಲ್ಲಿ ಕೆಲಸ ಮಾಡುವವನು ಠಾಣೆ ಜಿಲ್ಲೆಯ ಆಯೋಗವನ್ನಾದರೂ ಮುಂಬಯಿಯ ಆಯೋಗವನ್ನಾದರೂ ಆರಿಸಿಕೊಳ್ಳಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ದೂರನ್ನು ಆನ್‌ಲೈನ್‌ನಲ್ಲಿಯೇ ಸಲ್ಲಿಸಬಹುದು, ವಿಡಿಯೊ ಮೂಲಕ ವಿಚಾರಣೆ ನಡೆಸುವಂತೆ ಅರ್ಜಿ ಹಾಕುವುದಕ್ಕೂ ದಾರಿಯಿದೆ. ಬರವಣಿಗೆಗೆ ನೆರವು ಬೇಕಾದವರು 1975ರಿಂದ ಕೆಲಸ ಮಾಡುತ್ತಿರುವ ಮುಂಬಯಿ ಗ್ರಾಹಕ ಪಂಚಾಯತ್ ಎಂಬ ಸ್ವಯಂಸೇವಾ ಸಂಸ್ಥೆಯನ್ನು ವಿಚಾರಿಸಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಆಯೋಗವನ್ನು ತಲುಪಬೇಕು.

ಸರಕನ್ನು ಒಯ್ಯಲು ಬಂದ ಹುಡುಗನಿಂದ ರಸೀದಿಯನ್ನೋ ಸಂದೇಶವನ್ನೋ ಪಡೆದ ನಂತರವೇ ಪೆಟ್ಟಿಗೆಯನ್ನು ಕೈಬಿಡಿ, ಮತ್ತು ಹಣ ಬ್ಯಾಂಕಿಗೆ ಬಂದು ಸೇರುವವರೆಗೆ ಆ ಚೀಟಿಯನ್ನು ಎಸೆಯಬೇಡಿ.