ಮಕ್ಕಳ ಅಸೈಲಂ ಕೇಸು: ಇಂಟರ್‌ವ್ಯೂಗೆ ಮೊದಲೇ ಎಲ್ಲ ಕೊಟ್ಟು ನೋಡಿದೆ

ಬ್ರಿಟನ್ನಿಗೆ ಒಂಟಿಯಾಗಿ ಬಂದ ಮಕ್ಕಳ ಅಸೈಲಂ, ಅಂದರೆ ಆಶ್ರಯ ಕೇಳುವ ಕೇಸು ಬೇಗ ಮುಗಿಸಬಹುದು. ನಾನು ಮುಗಿಸಿದ್ದೇನೆ. 'ಮೊದಲೇ ಎಲ್ಲ ಬಿಚ್ಚಿಟ್ಟರೆ ಬೇಗ ರಿಜೆಕ್ಟ್ ಆಗುತ್ತೆ ಅಷ್ಟೇ' ಅಂತ ಜೊತೆಯ ವಕೀಲರು ಹೇಳಿದ್ದರು. ಹಾಗಾಗಲಿಲ್ಲ.

ಹಳೆಯ ದಾರಿಗಳನ್ನೆಲ್ಲ ಹಿಡಿದು ನೋಡಿದ್ದೆ. ತೀರ್ಮಾನ ಕೊಡುವ ಹೋಮ್ ಆಫೀಸಿಗೆ (ಅಲ್ಲಿನ ಗೃಹ ಇಲಾಖೆ) ರಿಮೈಂಡರ್ ಕಳಿಸಿದರೆ 'ಪರಿಶೀಲನೆಯಲ್ಲಿದೆ', ಎಂಪಿ ಕೈಲಿ ಬರೆಸಿದರೂ ಅದೇ ಉತ್ತರ. ಆರು ತಿಂಗಳೊಳಗೆ ತೀರ್ಮಾನ ಕೊಡುವ ಗುರಿಯನ್ನು ಇಲಾಖೆ 2019ರಲ್ಲೇ ಕೈಬಿಟ್ಟ ಮೇಲೆ ಗಟ್ಟಿಯಾಗಿ ಕೇಳೋಕೆ ಆಧಾರವೂ ಇರಲಿಲ್ಲ. ಅಷ್ಟರಲ್ಲಿ ಹುಡುಗನಿಗೆ ಹದಿನೇಳೂವರೆ ತುಂಬುತ್ತದೆ. ಆಶ್ರಯ ಸಿಗದ ಮಕ್ಕಳಿಗೆ ಕೊಡುವ ತಾತ್ಕಾಲಿಕ ಪರವಾನಗಿಯೂ ಅಲ್ಲಿಗೆ ಮುಗೀತು. ತಡ ಮಾಡಿದವರು ಯಾರೋ, ಕಳೆದುಕೊಳ್ಳುವವನು ಆ ಹುಡುಗ. ನನಗೆ ಹೊಟ್ಟೆ ಉರಿಯುವುದು ಇಲ್ಲೇ.

ಆಮೇಲೆ ಹಿಡಿದದ್ದು ಇಮಿಗ್ರೇಷನ್ ರೂಲ್ಸಿನ 339ಎನ್‌ಎ. ಇರುವ ಸಾಕ್ಷ್ಯದ ಮೇಲೇ ಆಶ್ರಯ ಕೊಡಲು ಆಗುವುದಾದರೆ ಇಂಟರ್‌ವ್ಯೂ ಬಿಡಬಹುದು ಅಂತ ಅದರಲ್ಲಿದೆ. ಪೂರ್ತಿ ಹೇಳಿಕೆ, ಸೋಷಿಯಲ್ ವರ್ಕರ್ ಪತ್ರ, ಶಾಲೆಯ ವರದಿ, ಆ ದೇಶದ ಮಾಹಿತಿ ಎಲ್ಲ ಒಂದೇ ಕಟ್ಟಾಗಿ ಕಳಿಸಿ, ಇಂಟರ್‌ವ್ಯೂ ಇಲ್ಲದೆ ತೀರ್ಮಾನ ಕೊಡಿ ಅಂತ ನೇರವಾಗಿ ಕೇಳಿದೆ. ಸುಮ್ಮನಿದ್ದರೆ ಪ್ರೀ-ಆಕ್ಷನ್ ಪತ್ರ, ಅಂದರೆ ಕೋರ್ಟಿಗೆ ಹೋಗುವ ಮೊದಲು ಕೊಡುವ ಎಚ್ಚರಿಕೆ. ಅದಕ್ಕೆ ಸಾಮಾನ್ಯವಾಗಿ 14 ದಿನದ ಗಡುವು. ಆ ಪತ್ರ ಯಾವ ಹಂತದಲ್ಲಿ ಬಿಡಬೇಕು, ಮೊದಲ ಪ್ಯಾರಾದಲ್ಲಿ ಏನಿರಬೇಕು ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ವರ್ಷ ದಾಟುತ್ತಿದ್ದ ಕೇಸುಗಳು ಐದಾರು ತಿಂಗಳಿಗೆ ಮುಗಿಯತೊಡಗಿದವು. ಇಂಟರ್‌ವ್ಯೂ ಬಿಡದ ಕಡೆಯೂ ಪ್ರಶ್ನೆ ಕಡಿಮೆಯಾಯಿತು.

ದುಡ್ಡಿನ ಕಥೆ ಕಷ್ಟದ್ದೇ. ಮಕ್ಕಳ ಕೇಸಿಗೆ ಲೀಗಲ್ ಏಡ್ (ಸರ್ಕಾರ ವಕೀಲರಿಗೆ ಕೊಡುವ ದುಡ್ಡು) ಗಂಟೆ ಲೆಕ್ಕದಲ್ಲಿ ಬರುತ್ತೆ, ಅದಕ್ಕೇ ಈ ದಾರಿ ನಡೆಯುತ್ತೆ. ನಾನು ಶುರು ಮಾಡಿದಾಗ ಗಂಟೆಗೆ 50 ಪೌಂಡ್ ಆಸುಪಾಸು. ಆದರೆ ಕೆಲಸವೆಲ್ಲ ಮೊದಲು, ಬಿಲ್ಲು ಕೊನೆಗೆ. ಒಂದೊಂದು ಕೇಸಿನಲ್ಲೂ ಸಾವಿರ ಪೌಂಡಿಗಿಂತ ಜಾಸ್ತಿ ಸಿಕ್ಕಿಹಾಕಿಕೊಂಡಿರುತ್ತಿತ್ತು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಆಫ್ಘನ್ ಸೌರ ಕ್ಯಾಲೆಂಡರಿನ ವರ್ಷ ಮಾರ್ಚಿನಲ್ಲಿ ಶುರುವಾಗುತ್ತೆ, ಇಥಿಯೋಪಿಯಾದ ಕ್ಯಾಲೆಂಡರ್ ಏಳೆಂಟು ವರ್ಷ ಹಿಂದಿದೆ. ಆ ಮಕ್ಕಳು ಹೇಳಿದ ತಾರೀಖನ್ನು ಅಂದಾಜಿಗೆ ಇಂಗ್ಲಿಷ್ ಕ್ಯಾಲೆಂಡರಿಗೆ ಬದಲಿಸಿದರೆ ವಯಸ್ಸಿನ ತಕರಾರು ಶುರು, ಕೇಸು ಮತ್ತೆ ತಿಂಗಳುಗಟ್ಟಲೆ ನಿಲ್ಲುತ್ತೆ. ಅವರ ತಾರೀಖನ್ನು ಇದ್ದ ಹಾಗೇ ಬರೆದು, ಪಕ್ಕದಲ್ಲೇ ಲೆಕ್ಕ ತೋರಿಸಿದೆ. ಇದೊಂದರಿಂದಲೇ ಎಷ್ಟೋ ಜಗಳ ತಪ್ಪಿತು.

ಚಿತ್ರಹಿಂಸೆ ಅನುಭವಿಸಿದ ದೊಡ್ಡವರ ಕೇಸಲ್ಲಿ ಫಲ ಇಷ್ಟಿಲ್ಲ, ವೈದ್ಯಕೀಯ ವರದಿಗೇ ತಿಂಗಳುಗಳು ಬೇಕು. ಅಲ್ಲಿ ಈಗ ಜಿಪಿ (ಸ್ಥಳೀಯ ಸಾಮಾನ್ಯ ವೈದ್ಯರು) ದಾಖಲೆ ಮೊದಲು ಕಳಿಸಿ, ವರದಿ ಬರುವ ತಾರೀಖನ್ನೂ ಬರೆದುಕೊಡುತ್ತಿದ್ದೇನೆ.